ಟಿವಿಯ ರೇಷ್ಮೆ ಸೀರೆಗೆ ಅತ್ತಿಗೆ ಮಾಡಿದ ಫೋನು

ಗೆಳೆಯರೇ, ಇವತ್ತು ತಮಿಳು ಸೀಮೆಯ ನೇಕಾರರ ಊರು ಸಿರುಮುಗೈಯಲ್ಲಿ, ಅಣ್ಣನ ಮನೆಯಲ್ಲಿ ನಡೆದದ್ದಿದು. ಅತ್ತಿಗೆ ಮಗ್ಗದಿಂದ ಎದ್ದು ಬಂದವರೇ ಟಿವಿಯಲ್ಲಿ ತೋರಿಸುತ್ತಿದ್ದ ನಂಬರಿಗೆ ಫೋನು ಹಚ್ಚಿದರು. "ಕೈಮಗ್ಗದ ರೇಷ್ಮೆ ಸೀರೆ, ನೇರ ನೇಕಾರರ ಮನೆಯಿಂದ" ಎಂದು ಅಲ್ಲಿ ಅರ್ಧ ಗಂಟೆಯಿಂದ ಕೂಗುತ್ತಿದ್ದರು.

ನಾನು ರೇಗಿದೆ. "ಅತ್ತಿಗೆ, ಇಪ್ಪತ್ತು ವರ್ಷದ ಹಿಂದೆ ಇದೇ ಟಿವಿ ನಂಬಿ ಅಣ್ಣ ಕೂದಲು ಬೆಳೆಯೋ ಎಣ್ಣೆ ತರಿಸಿದ್ದು ಮರೆತೋಯ್ತಾ? ಮಗ್ಗದ ಮೇಲೇ ರೇಷ್ಮೆ ಸೀರೆ ಇದೆಯಲ್ಲ."

"ಅದು ನೂಲು ಕೊಟ್ಟು ಕೂಲಿಗೆ ನೇಯಿಸೋ ಮೊದಲಾಳಿದು. ಮಗಳ ಸೀಮಂತಕ್ಕೆ ನನಗೂ ಒಂದು ಬೇಕಲ್ಲ, ಸುಮ್ನಿರಪ್ಪ."

ಫೋನೆತ್ತಿದ ಹುಡುಗಿಯದು ತಮಿಳು. ಅತ್ತಿಗೆ ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು. "ನೇಕಾರರ ಒಂದೇ ಮನೆಯಿಂದ ದಿನಕ್ಕೆ ಐವತ್ತು ಸೀರೆ ಬರುತ್ತೆ ಅಮ್ಮಾ," ಎಂದಳು.

"ನಾನೂ ನೇಯೋಳೇ ಕಂದಾ. ಒಂದು ಸೀರೆಗೆ ನನಗೆ ಒಂದು ವಾರ ಬೇಕು. ಆ ಮನೇಲಿ ಎಷ್ಟು ಜನ ಇದ್ದಾರೆ?" ಅತ್ತಿಗೆ ನಿಜವಾಗಿಯೂ ತಿಳಿಯಲೆಂದೇ ಕೇಳಿದರು.

ಹುಡುಗಿ ದನಿ ತಗ್ಗಿಸಿ ಕೇಳಿದಳು, "ನಮ್ಮಮ್ಮನಿಗೂ ಒಂದು ತೆಗೆದಿಡೋಕೆ ಹೇಳಿದ್ದೆ. ಹಾಗಾದ್ರೆ ಬೇಡ ಅಂತೀರಾ ಅಮ್ಮಾ?"

"ಬೇಡ ಕಂದಾ. ಭಾನುವಾರ ಅಮ್ಮನ್ನ ಕರಕೊಂಡು ಸಿರುಮುಗೈಗೆ ಬಾ. ಇಲ್ಲಿನ ನೇಕಾರರ ಹತ್ರ ನಾನೂ ಅವತ್ತೇ ತಗೋತೀನಿ, ಮುಟ್ಟಿ ನೋಡಿ ತಗೋಳೋಣ. ಊಟ ಇಲ್ಲೇ."

ಟಿವಿಯವರ ಮೇಲೆ ಇಲ್ಲಿ ನಿಮಗೆ ದೂರು ಬರೆಯೋಣವೆಂದು ಕುಳಿತ ನನಗೆ ಬೈಯಲು ಯಾರೂ ಉಳಿಯಲಿಲ್ಲ. ಭಾನುವಾರದ ಅಡುಗೆಗೆ ತರಕಾರಿ ತರುವ ಕೆಲಸ ಮಾತ್ರ ನನ್ನ ಪಾಲಿಗೆ ಬಂದಿದೆ.