ಕೆಂಪು ಗೆರೆಯ ಆಚೆ

ಜಿಲಾಲಾ ಮಸುಂಗಾನ ಬಲಭುಜದ ಮೇಲೆ ಅಂಗೈಯಗಲದ ಒಂದು ಜಡ್ಡು ಇತ್ತು. ಮೂವತ್ತು ವರ್ಷ ಕಾಂಕ್ರೀಟಿನ ಬಕೆಟ್ಟುಗಳು ಕೂತು ಎದ್ದು ಮಾಡಿದ ಗುರುತು ಅದು. ಕಿರುಂಬಾ ಸಂತೆಯಲ್ಲಿ ಒಣಮೀನು ಮಾರುವ ಅವನ ಹೆಂಡತಿ ಮಿಂಜಾ ಅದನ್ನು ತನ್ನ ಸವತಿಯೆಂದೇ ಕರೆಯುತ್ತಿದ್ದಳು. "ಮದುವೆಯಾದ ದಿನದಿಂದ ಅವಳನ್ನ ಹೆಗಲ ಮೇಲೆ ಕೂರಿಸ್ಕೊಂಡೇ ತಿರುಗ್ತಾನೆ. ನನ್ನನ್ನ ಒಂದಿನ ಕೂರಿಸಿದ್ದಿಲ್ಲ," ಎಂದು ಗಿರಾಕಿಗಳ ಮುಂದೆಯೇ ಹೇಳುವಳು. ಜಿಲಾಲಾ ನಗುವನು, ಆ ನಗುವಿನಲ್ಲಿ ಒಂದಿಷ್ಟು ಹೆಮ್ಮೆಯೂ ಇರುತ್ತಿತ್ತು.

ಆದರೆ ಮ್ವಾಂಜಾ ಊರು ಅವನನ್ನು ಗುರುತಿಸುತ್ತಿದ್ದದ್ದು ಭುಜದಿಂದಲ್ಲ, ಕೊರಳಿನಿಂದ. ಕಾಂಕ್ರೀಟನ್ನು ಕೊಳವೆಯಲ್ಲಿ ಮೇಲಕ್ಕೆ ತಳ್ಳುವ ಪಂಪು ಬರುವ ಮುಂಚೆ ತಾರಸಿ ಹಾಕುವುದೆಂದರೆ ನಲವತ್ತು ಜನರ ಒಂದು ಸಾಲು. ಕೆಳಗೆ ಮಿಕ್ಸರಿನ ಬಾಯಿಂದ ಹಲಗೆಯ ಏಣಿಗಳ ಮೇಲೆ ಹಾಯ್ದು ಮೇಲಿನವರೆಗೂ ಬಕೆಟ್ಟುಗಳು ಕೈಯಿಂದ ಕೈಗೆ, ಹೆಗಲಿಂದ ಹೆಗಲಿಗೆ ಏರಬೇಕು. ಹಾಕಿದ ಅಂಚು ಒಣಗುವುದರೊಳಗೆ ಅದರ ಮೇಲೆ ಹೊಸದು ಬೀಳಬೇಕು; ಇಲ್ಲವಾದರೆ ಎರಡೂ ಬೆಸೆಯದೆ, ತಾರಸಿ ಹುಟ್ಟುವ ಮೊದಲೇ ಅದರೊಳಗೆ ಬಿರುಕೊಂದು ಹುಟ್ಟಿರುತ್ತದೆ. ಕಾಂಕ್ರೀಟು ಯಾರಿಗೂ ಕಾಯುವುದಿಲ್ಲ. ಹಾಗಾಗಿ ಸಾಲಿಗೊಂದು ದನಿ ಬೇಕು. ಆ ದನಿ ಜಿಲಾಲಾನದು. ಮಗು ಎಂಬ ಸೀಮೆಯ ಹತ್ತಿ ಹೊಲಗಳಲ್ಲಿ ಸುಕುಮಾ ಜನರ ಗುದ್ದಲಿ ತಂಡಗಳ ಮುಂದೆ ಹಾಡುತ್ತ ನಡೆಯುತ್ತಿದ್ದ ಸೋದರಮಾವನಿಂದ ಕಲಿತ ಪದಗಳನ್ನು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವನು ಈ ಬಂಡೆಗಳ ಊರಿಗೆ ತಂದಿದ್ದ. ಬಂದವನ ಕೈಯಲ್ಲಿ ಬೇರೇನೂ ಇರಲಿಲ್ಲ.

"ಯಾರ ಕೈ ಖಾಲಿ?" ಎಂದು ಅವನು ಮೇಲಿನಿಂದ ಕೂಗಿದರೆ, "ಯಾರದೂ ಅಲ್ಲ!" ಎಂದು ನಲವತ್ತು ಕೊರಳು. ಉತ್ತರದ ಕೊನೆಯ ಅಕ್ಷರಕ್ಕೆ ಸರಿಯಾಗಿ ಬಕೆಟ್ಟು ಮುಂದಿನ ಕೈಗೆ ಸೇರುತ್ತಿತ್ತು. ನಡುವೆ ಮೂದಲಿಕೆ. ತಾರಸಿಯ ದಿನ ಹಾಡುವವನು ಯಾರನ್ನು ಬೇಕಾದರೂ ಹೀಯಾಳಿಸಬಹುದು, ಯಜಮಾನನನ್ನೂ ಬಿಡಬೇಕಿಲ್ಲ. ನಮ್ಮ ಯಜಮಾನರು ಇಂಜಿನಿಯರ್ ಮುಟಾಲೆಮ್ವಾ, ಬುಕೋಬಾ ಕಡೆಯ ಹಾಯಾ ಜನ. ಬಾಳೆಕಾಯಿಯೇ ಅವರ ಊಟ, ಓದು ಅವರ ಜಂಬ. "ಬಾಳೆಕಾಯಿ ತಿಂದು ಬೆಳೆದವ್ನೇ, ನೆರಳಲ್ಲಿ ನಿಂತು ಬೆವರೋನೇ, ಒಂದು ಬಕೆಟ್ ಎತ್ತಿದ್ರೆ ಓದಿದ್ದೆಲ್ಲ ಮರೆತುಹೋಗ್ತದಾ?" ಎಂದು ಜಿಲಾಲಾ ಹಾಡಿದಾಗ ಎಲ್ಲರಿಗಿಂತ ಮೊದಲು ನಗುತ್ತಿದ್ದವರು ಮುಟಾಲೆಮ್ವಾ ಅವರೇ. ಬೈಸಿಕೊಳ್ಳದ ತಾರಸಿ ಸೋರುತ್ತದೆಂದು ಅವರು ಅರ್ಧ ತಮಾಷೆಯಾಗಿ, ಅರ್ಧ ನಿಜವಾಗಿ ನಂಬಿದ್ದರು. ಅವರ ಸಿಮೆಂಟಿನ ಉಗ್ರಾಣ ನೋಡಿಕೊಳ್ಳುತ್ತಿದ್ದ ನಾನು ಇದನ್ನೆಲ್ಲ ಹನ್ನೊಂದು ವರ್ಷ ಬಾಗಿಲಲ್ಲಿ ನಿಂತು ಕೇಳಿದ್ದೇನೆ.

ಪಂಪು ಬಂದ ಮೇಲೆ ನಲವತ್ತು ಜನರ ಇಡೀ ದಿನದ ಕೆಲಸ ಐದು ಜನರ ಅರ್ಧ ದಿನದ್ದಾಯಿತು. ಸಾಲನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ, ಮತ್ತೆ ಕರೆಯಲಿಲ್ಲ, ಅಷ್ಟೆ. ಜಿಲಾಲಾನಿಗೆ ಹೊಸ ತಾರಸಿಗಳಿಗೆ ಮೂರು ಹೊತ್ತು ನೀರುಣಿಸುವ ಕೆಲಸ ಸಿಕ್ಕಿತು. ಪಂಪು ನಡೆಸಲು ಫಿಕಿರಿ ಎಂಬವನು ಬಂದ. ಯಂತ್ರದ ಜೊತೆ ಬಂದಿದ್ದ ತರಬೇತಿದಾರ ಒಂಬತ್ತು ದಿನವಿದ್ದು ಹೊರಟುಹೋಗಿದ್ದ. ಆ ಒಂಬತ್ತು ದಿನಗಳಲ್ಲಿ ಕಲಿತಷ್ಟೇ ಫಿಕಿರಿಯ ವಿದ್ಯೆ. "ಶುರು ಮಾಡೋದು ಗೊತ್ತು, ನಿಲ್ಲಿಸೋದು ಗೊತ್ತು. ನಡುವೆ ಅದು ಏನ್ಮಾಡ್ತದೋ ದೇವ್ರಿಗೇ ಗೊತ್ತು," ಎಂದು ಅವನೇ ಹೇಳಿಕೊಳ್ಳುತ್ತಿದ್ದ.

ಎರಡೂವರೆ ವರ್ಷ ಹೀಗೆ ನಡೆಯಿತು. ಆಮೇಲೆ, ಗುಡ್ಡದ ಮೇಲೆ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ನಾವು ಮೂರು ಕಟ್ಟಡಗಳ ವಸತಿಗೃಹ ಕಟ್ಟುತ್ತಿದ್ದಾಗ, ಮೊದಲನೆಯದರ ತಾರಸಿ ಅರ್ಧವಾಗುತ್ತಿದ್ದಂತೆ ಪಂಪು ಕಟ್ಟಿಕೊಂಡಿತು. ಕೊಳವೆಯ ಮೊಣಕೈ ಬಿಚ್ಚಿದರೆ ಒಳಗೆ ಕೋಳಿಮೊಟ್ಟೆ ಗಾತ್ರದ ಜಲ್ಲಿಕಲ್ಲುಗಳು. ಹೆಬ್ಬೆರಳ ಗೆಣ್ಣಿಗಿಂತ ದೊಡ್ಡ ಕಲ್ಲು ಯಂತ್ರದ ಗಂಟಲಲ್ಲಿ ಇಳಿಯುವುದಿಲ್ಲವೆಂದು ಜಲ್ಲಿ ತಂದವರಿಗೆ ಯಾರೂ ಹೇಳಿರಲಿಲ್ಲ, ಫಿಕಿರಿಗೂ ಯಾರೂ ಹೇಳಿರಲಿಲ್ಲ. ಎಳೆದಾಟದಲ್ಲಿ ಯಂತ್ರದೊಳಗಿನ ಬಿಲ್ಲೆಯೊಂದು ಸೀಳಿಹೋಯಿತು. ಬದಲಿ ಬಿಲ್ಲೆ ದಾರ್ ಎಸ್ ಸಲಾಮಿನಿಂದ ಬರಬೇಕು.

ಗಂಟೆ ಹನ್ನೊಂದು. ಮುಟಾಲೆಮ್ವಾ ನೀರಿನ ಕೊಳವೆ ಹಿಡಿದು ನಿಂತಿದ್ದ ಜಿಲಾಲಾನ ಹತ್ತಿರ ತಾವೇ ನಡೆದು ಬಂದರು.

"ನಲವತ್ತು ಜನ ಬೇಕು ಜಿಲಾಲಾ. ಈಗ್ಲೇ."

"ನಲವತ್ತು ಯಾಕೆ ಸಾಹೇಬ್ರೇ, ಐವತ್ತು ತರ್ತೀನಿ."

"ತಂದು ಇವತ್ತು ಇದನ್ನ ಮುಗಿಸ್ಕೊಡು. ಉಳಿದ ಎರಡು ಕಟ್ಟಡ ನಿನ್ನ ಸಾಲಿಗೇ. ಈ ಕಬ್ಬಿಣದ ಕತ್ತೇನ ವಾಪಸ್ ಅಟ್ಟಿಬಿಡ್ತೀನಿ."

ಅವನು ನನ್ನ ಉಗ್ರಾಣದ ಹೊಸ್ತಿಲಲ್ಲಿ ಕುಳಿತು ಫೋನು ಹಚ್ಚಿದ. ಮೊದಲ ಕರೆಗೆ ಲುಹೆಂಡೆ ಸಿಕ್ಕ. ಸಾಲಿನಲ್ಲಿ ಯಾವಾಗಲೂ ಜಿಲಾಲಾನಿಗಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲುತ್ತಿದ್ದವನು, ಈಗ ಬಾಡಿಗೆ ಮೋಟಾರ್ ಸೈಕಲ್ ಓಡಿಸುತ್ತಿದ್ದ. "ಹಿಂದೆ ಗಿರಾಕಿ ಕೂತಿದಾನೆ ಅಣ್ಣಾ, ಇಳಿಸಿ ಬಂದೆ. ಆದ್ರೆ ಮಂಡಿ ಮೊದಲಿನ ಹಾಗಿಲ್ಲ, ಈಗ್ಲೇ ಹೇಳಿರ್ತೀನಿ." ಎರಡನೆಯವನು ಗೇಟಾದ ಚಿನ್ನದ ಗಣಿಗೆ ಹೋಗಿದ್ದ. ಮೂರನೆಯವನು ನಕ್ಕ: "ಪಂಪ್ ಬಂದಾಗ ನಮ್ಮ ನೆನಪಾಗಿತ್ತಾ? ಹೋಗು, ಅದರ ಕಿವೀಲೇ ಹಾಡು, ಎದ್ದು ಕೂತ್ಕೊಂಡ್ರೂ ಕೂತ್ಕೊಂಡೀತು." ಇನ್ನೊಂದು ಕಡೆ ಹೆಂಗಸೊಬ್ಬಳು ಎತ್ತಿಕೊಂಡಳು. ಜಿಲಾಲಾ ಬಹಳ ಹೊತ್ತು ಕೇಳಿಸಿಕೊಂಡ. "ಈಸ್ಟರ್‌ನಲ್ಲೇ ತೀರ್ಕೊಂಡ್ನಾ? ನಂಗ್ಯಾರೂ ಹೇಳ್ಲಿಲ್ಲವಲ್ಲ ತಾಯಿ," ಎಂದ. ಮತ್ತೆ ಮುಂದಿನ ಹೆಸರನ್ನು ಹುಡುಕಿದ.

ಬಂದವರು ಹನ್ನೊಂದು ಮಂದಿ. ನಮ್ಮ ಕೆಲಸದವರು ಒಂಬತ್ತು. ನಲವತ್ತು ಜನ ನಿಲ್ಲುತ್ತಿದ್ದ ದಾರಿಯಲ್ಲಿ ಇಪ್ಪತ್ತು ಜನ ನಿಂತರೆ ಒಬ್ಬರ ಕೈ ಇನ್ನೊಬ್ಬರಿಗೆ ಎಟುಕುವುದಿಲ್ಲ. ಬಕೆಟ್ಟು ಹೊತ್ತು ನಾಲ್ಕು ಹೆಜ್ಜೆ ನಡೆಯಬೇಕು, ಖಾಲಿ ಕೈಯಲ್ಲಿ ನಾಲ್ಕು ಹೆಜ್ಜೆ ಹಿಂದಿರುಗಬೇಕು. ಆ ನಡಿಗೆಗೆ ಹೊಂದುವಂತೆ ಜಿಲಾಲಾ ಹಾಡನ್ನು ನಿಧಾನಿಸಿದ. ಉತ್ತರ ಒಟ್ಟಿಗೆ ಬರಲಿಲ್ಲ; ಮೇಲಿನವರು ಮುಗಿಸಿದ ಮೇಲೆ ಕೆಳಗಿನವರದು ಬರುತ್ತಿತ್ತು. ಮುಟಾಲೆಮ್ವಾ ನೆರಳು ಬಿಟ್ಟು ಬಿಸಿಲಿಗೆ ಬಂದು ನಿಂತರು. ಬೈಗುಳಕ್ಕೆ ಕಾದಿದ್ದರೆಂದು ಈಗ ನನಗನ್ನಿಸುತ್ತದೆ. ಜಿಲಾಲಾ ಅವತ್ತು ಯಾರನ್ನೂ ಬಯ್ಯಲಿಲ್ಲ.

ಮೂರು ಗಂಟೆಗೆ ಹಸಿ ಅಂಚು ಕೆಂಪು ಗೆರೆಗೆ ಬಂತು. ಎರಡು ತೊಲೆಗಳ ನಡುವಿನ ಅಂತರದಲ್ಲಿ ಮೂರನೇ ಒಂದು ಭಾಗ ಮುಗಿಯುವಲ್ಲಿ, ತಳದ ಹಲಗೆಯ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಎಳೆಯುವ ಗೆರೆ ಅದು. ತಾರಸಿಯನ್ನು ಒಂದೇ ದಿನದಲ್ಲಿ ಮುಗಿಸಲಾಗದಿದ್ದರೆ ಅಲ್ಲಿ ಹಲಗೆ ಅಡ್ಡವಿಟ್ಟು ನಿಲ್ಲಿಸಬಹುದು, ಭಾರ ಆ ಜಾಗವನ್ನು ಅಷ್ಟಾಗಿ ಕಾಡುವುದಿಲ್ಲ. ಗೆರೆ ದಾಟಿದರೆ ಮುಂದಿನ ತೊಲೆಯನ್ನೂ ದಾಟಲೇಬೇಕು. ತೊಲೆಯ ಬುಡದಲ್ಲಿ ನಿಲ್ಲಿಸುವಂತಿಲ್ಲ. ಇದು ಇಂಜಿನಿಯರಿಗೆ ಪುಸ್ತಕದಿಂದ ಗೊತ್ತು, ಜಿಲಾಲಾನಿಗೆ ಮೂವತ್ತು ವರ್ಷದಿಂದ.

"ಹಲಗೆ ಇಡಿಸ್ಲಾ?" ಮುಟಾಲೆಮ್ವಾ ಕೇಳಿದರು. "ನಿಲ್ಲಿಸಿದ್ರೆ ಅವಮಾನ ಏನಿಲ್ಲ. ನಿಜ ಹೇಳು, ಆಗ್ತದಾ?"

ಜಿಲಾಲಾ ಸಾಲನ್ನು ನೋಡಿದ. ಲುಹೆಂಡೆ ಎರಡು ಕೈಯಿಂದ ಮಂಡಿ ಒತ್ತಿಕೊಂಡಿದ್ದ. ನಿಲ್ಲಿಸಿದರೆ ಉಳಿದ ಎರಡು ಕಟ್ಟಡಗಳೂ ಕೈತಪ್ಪುತ್ತವೆ. ಸಾಲು ಇನ್ನೊಮ್ಮೆ ಕೂಡುವುದಿಲ್ಲ. ಸಾಲಿನತ್ತ ತಿರುಗಿ, "ಯಾರ ಕೈ ಖಾಲಿ?" ಎಂದು ಕೂಗಿದ.

"ಯಾರದೂ ಅಲ್ಲ," ಎಂದರು ಅವರು. ಬೇರೇನು ಹೇಳಿಯಾರು?

ನಾಲ್ಕೂಕಾಲು ಗಂಟೆಗೆ ಲುಹೆಂಡೆ ಏಣಿಯ ಮೇಲೆ ಕುಸಿದ. ಬಕೆಟ್ಟು ಅವನ ಎದೆಯ ಮೇಲೆ ಮಗುಚಿತು. ಮೂಳೆ ಮುರಿಯಲಿಲ್ಲ, ಆದರೆ ಏಳಲೂ ಆಗಲಿಲ್ಲ. ಅವನನ್ನು ಇಳಿಸಿದ ಮೇಲೆ ಉಳಿದವರೂ ಕುಳಿತರು, ಕುಳಿತವರು ಏಳಲಿಲ್ಲ. "ಸಾಕು ಮಾಡಪ್ಪಾ," ಎಂದೊಬ್ಬ ಮುಖವೆತ್ತದೆ ಹೇಳಿದ. ಜಿಲಾಲಾ ತಾನೇ ಬಕೆಟ್ಟು ಹೊತ್ತ. ಕೆಳಗಿಳಿದು, ತುಂಬಿಸಿಕೊಂಡು, ಹತ್ತಿ, ಸುರಿದು, ಮತ್ತೆ ಇಳಿದ. ಏಳೆಂಟು ಸಲ. ಐದೂಮುಕ್ಕಾಲಿಗೆ ಅವನು ಅಂಚಿಗೆ ಹೆಬ್ಬೆರಳು ಒತ್ತಿದ, ಗುರುತು ಮೂಡಲಿಲ್ಲ. ಅಂಚು ತೊಲೆಗೆ ಒಂದೂವರೆ ಮೊಳ ದೂರದಲ್ಲಿ, ನಾಲಗೆಯ ಹಾಗೆ ಇಳಿಜಾರಾಗಿ ಗಟ್ಟಿಯಾಗಿತ್ತು.

ಮರುದಿನ ಮುಟಾಲೆಮ್ವಾ ಅದರ ಮುಂದೆ ತುಂಬಾ ಹೊತ್ತು ನಿಂತರು. "ಅಂಟುದ್ರಾವಣ ಬಳಿದು ಮುಂದುವರಿಸೋಣ," ಎಂದರು ಕೊನೆಗೆ. "ಕೆಳಗಿಂದ ಗಾರೆ ಮೆತ್ತಿದ್ರೆ ಗುರುತೂ ಕಾಣಲ್ಲ. ನಿಲ್ಲಬಹುದು."

"ಬಹುದು," ಜಿಲಾಲಾ ಹೇಳಿದ. "ಕೆಳಗೆ ಹುಡುಗೀರು ಮಲಗ್ತಾರಲ್ಲ ಸಾಹೇಬ್ರೇ."

"ಗೆರೆವರೆಗೆ ಒಡೆದು ತೆಗೆದ್ರೆ ಯಾಕೆ ಒಡೆದ್ರಿ ಅಂತ ಎಲ್ರೂ ಕೇಳ್ತಾರೆ. ನಿನ್ನ ಹೆಸರು ಹೇಳ್ಬೇಕಾಗ್ತದೆ."

"ಹೇಳಿ. ಗೆರೆ ದಾಟಿಸಿದ್ದು ನಾನೇ."

ಆರು ದಿನ ಅವನು ಒಬ್ಬನೇ ಚಾಣ ಸುತ್ತಿಗೆ ಹಿಡಿದು, ಒಳಗಿನ ಕಂಬಿಗಳಿಗೆ ಏಟು ಬೀಳದ ಹಾಗೆ, ಗಟ್ಟಿಯಾದ ಅಂಚಿನಿಂದ ಕೆಂಪು ಗೆರೆಯವರೆಗೆ ಹಿಂದಕ್ಕೆ ಒಡೆದ. ಫಿಕಿರಿ ಸಹಾಯಕ್ಕೆ ಹೋದರೆ ಬೇಡವೆಂದ. ಮಿಂಜಾ ಮಧ್ಯಾಹ್ನ ಉಗಾಲಿ ಮುದ್ದೆ, ಮೀನಿನ ಸಾರು ತಂದು ಏಣಿಯ ಬುಡದಲ್ಲಿ ಕೂರುತ್ತಿದ್ದಳು. ಸವತಿಯ ಸುದ್ದಿ ಎತ್ತುತ್ತಿರಲಿಲ್ಲ. ಒಂದು ದಿನ ಮಾತ್ರ ನನ್ನನ್ನು ಕರೆದು, "ಇವ್ನು ಕೆಲಸ ಮಾಡುವಾಗ ಬಾಯಿ ಮುಚ್ಚಿದ್ದು ನಾನು ಇದೇ ಮೊದಲು ನೋಡ್ತಿರೋದು," ಎಂದಳು.

ಏಳನೆಯ ದಿನ ಬಿಲ್ಲೆ ಬಂತು. ಪಂಪು ಎದ್ದಿತು. ಕೊಳವೆಯ ತುದಿ ಹಿಡಿಯಲು ಒಬ್ಬರು ಬೇಕಾಗಿತ್ತು, ಜಿಲಾಲಾ ಹಿಡಿದ. ಯಂತ್ರ ತಳ್ಳಿದಾಗಲೆಲ್ಲ ಕೊಳವೆ ಅವನ ಪಕ್ಕೆಗೆ ಒಮ್ಮೆ ಗುದ್ದುತ್ತಿತ್ತು. ಅವನ ಯಾವ ಹಾಡಿಗಿಂತಲೂ ವೇಗವಾದ, ಯಾರ ಉತ್ತರಕ್ಕೂ ನಿಲ್ಲದ ಗುದ್ದು. ಕೆಂಪು ಗೆರೆಯಿಂದ ತೊಲೆ ದಾಟಿ ಕೊನೆಯ ಗೋಡೆಯವರೆಗೆ ಮುಗಿಯಲು ಐವತ್ತು ನಿಮಿಷ ಹಿಡಿಯಿತು.

"ಏನಾದ್ರೂ ಅಂದ್ಯಾ ಮುದುಕಪ್ಪಾ?" ಕೆಳಗಿನಿಂದ ಫಿಕಿರಿ ಕೂಗಿದ.

"ಏನಿಲ್ಲ," ಎಂದ ಜಿಲಾಲಾ.

ಉಳಿದ ಎರಡು ಕಟ್ಟಡಗಳ ತಾರಸಿಯನ್ನೂ ಪಂಪೇ ಹಾಕಿತು. ನೀರುಣಿಸುವ ಕೆಲಸಕ್ಕೂ ಅವನು ಮತ್ತೆ ಬರಲಿಲ್ಲ, ಯಾರೂ ಬೇಡವೆನ್ನದಿದ್ದರೂ. ಈಗ ನ್ಯಕಾಟೊ ರಸ್ತೆಯ ಬದಿಯಲ್ಲಿ, ಸಾಲುಸಾಲಾಗಿ ಕುಳಿತು ಜಲ್ಲಿ ಒಡೆಯುವ ಹೆಂಗಸರಿಂದ ಸ್ವಲ್ಪ ದೂರದಲ್ಲಿ, ಗೋಣಿಚೀಲದ ನೆರಳಿನಡಿ ಕೂರುತ್ತಾನೆ. ಪಕ್ಕದಲ್ಲಿ ಹೆಬ್ಬೆರಳ ಗೆಣ್ಣಿನಗಲದ ಒಂದು ಕಬ್ಬಿಣದ ಬಳೆ. ಒಡೆದ ಪ್ರತಿ ಕಲ್ಲನ್ನೂ ಅದರೊಳಗೆ ತೂರಿಸಿ ನೋಡುತ್ತಾನೆ. ಅವನ ಜಲ್ಲಿ ಪಂಪಿಗೆ ಹೋಗುತ್ತದೆ. ಫಿಕಿರಿ ಬೇರೆ ಯಾರಲ್ಲಿಯೂ ಕೊಳ್ಳುವುದಿಲ್ಲ. ಕಳೆದ ತಿಂಗಳು ನಾನು ಹೋಗಿ ಅವನ ಪಕ್ಕದಲ್ಲಿ ಕುಳಿತೆ. ಮೊಟ್ಟೆಯ ಗಾತ್ರದ ಕಲ್ಲೊಂದು ಬಳೆಯಲ್ಲಿ ಸಿಕ್ಕಿಕೊಂಡಿತು. ಅದನ್ನು ಬಿಡಿಸಿ, ಹಾಸುಗಲ್ಲಿನ ಮೇಲೆ ಮತ್ತೆ ಇಟ್ಟು, ಸುತ್ತಿಗೆ ಎತ್ತಿದ.