ಆ ಗುರುವಾರ ಮಧ್ಯಾಹ್ನ ನೋಡಿದ್ದು ಯಾರು

ಅಮಾನತಿನ ಪತ್ರವನ್ನು ಮ್ಯಾನೇಜರು ಕೈಗೆ ಕೊಟ್ಟಾಗ ನನ್ನ ಕಣ್ಣು ಮೊದಲು ಬಿದ್ದದ್ದು ಕೊನೆಯ ಸಾಲಿನ ಮೇಲೆ. ವಿಚಾರಣೆ ಮುಗಿಯುವವರೆಗೆ ಸಂಸ್ಥೆಯ ಯಾವುದೇ ಸಿಬ್ಬಂದಿಯನ್ನು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಸಂಪರ್ಕಿಸತಕ್ಕದ್ದಲ್ಲ ಎಂದಿತ್ತು. ಓದಿ ಮುಗಿಸಿ, ಅಭ್ಯಾಸಬಲದಿಂದ ಪಕ್ಕದ ಕುರ್ಚಿಯ ಕಡೆ ತಿರುಗಿದೆ. ಹತ್ತೊಂಬತ್ತು ವರ್ಷದಿಂದ ನನ್ನ ಪಕ್ಕದಲ್ಲೇ ಕೂತು ಕೆಲಸ ಮಾಡುತ್ತಿದ್ದ ಗೆಳತಿ ಅಲ್ಲೇ ಇದ್ದಳು. ಏನೋ ಹೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಅವಳು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ. ಅವಳಿಗೆ ನನಗಿಂತ ಮುಂಚೆಯೇ ಹೇಳಿದ್ದಾರೆ ಎಂದು ಆಗ ಗೊತ್ತಾಯಿತು.

ನಮ್ಮದು ರಾಮನಗರದ ಹೊರಗೆ, ಮಾಗಡಿ ರಸ್ತೆಯಲ್ಲಿರುವ ಒಂದು ಖಾಸಗಿ ಬಿತ್ತನೆ ಕೋಠಿ. ರೇಷ್ಮೆ ಚಿಟ್ಟೆಗಳಿಂದ ಮೊಟ್ಟೆ ಇಡಿಸಿ ರೈತರಿಗೆ ಮಾರುತ್ತಾರೆ. ಮೊಟ್ಟೆ ಇಟ್ಟು ಮುಗಿಸಿ ತಟ್ಟೆಗಳಲ್ಲಿ ಬರುವ ತಾಯಿ ಚಿಟ್ಟೆಗಳನ್ನು ಸಣ್ಣ ಒರಳಿನಲ್ಲಿ ಅರೆದು, ಒಂದು ಹನಿಯನ್ನು ಗಾಜಿನ ಮೇಲಿಟ್ಟು, ಗಂಟುರೋಗದ ಕಣ ಇದೆಯೋ ಇಲ್ಲವೋ ನೋಡುವುದು ನಮ್ಮಿಬ್ಬರ ಕೆಲಸ. ರೋಗವಿದ್ದರೆ ಅಕ್ಕಿಕಾಳಿನಂಥ ಹೊಳೆಯುವ ಚುಕ್ಕೆಗಳು ಕಾಣುತ್ತವೆ. ಒಂದು ಚುಕ್ಕೆ ಕಂಡರೂ ಆ ಮೊಟ್ಟೆಗಳನ್ನೆಲ್ಲ ಸುಡಬೇಕು. ಕಾಣಲಿಲ್ಲವೆಂದರೆ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು.

ಕೂಟಗಲ್ ಕಡೆಯ ರೈತರೊಬ್ಬರ ಹುಳುಗಳು ಗೂಡು ಕಟ್ಟುವ ಮುಂಚೆಯೇ ಸತ್ತಿದ್ದವು. ಮೈಮೇಲೆಲ್ಲ ಕಾಳುಮೆಣಸಿನ ಪುಡಿ ಉದುರಿಸಿದಂಥ ಕಪ್ಪು ಚುಕ್ಕೆ. ಮೊಟ್ಟೆಯಲ್ಲೇ ರೋಗವಿತ್ತೆಂದು ಅವರು ಬರೆದುಕೊಟ್ಟರು. ರಿಜಿಸ್ಟರು ತೆಗೆದು ನೋಡಿದರೆ ಆ ಮೊಟ್ಟೆಗಳನ್ನು ಪಾಸು ಮಾಡಿದ್ದು ಒಂದು ಗುರುವಾರ ಮಧ್ಯಾಹ್ನ, ದಿನದ ಕೊನೆಯ ತಟ್ಟೆಗಳಲ್ಲಿ. ಕೆಳಗಿದ್ದದ್ದು ನನ್ನ ಸಹಿ.

ಸಹಿ ನನ್ನದೇ. ಆದರೆ ದಿನದ ಕೊನೆಗೆ, ಇಲ್ಲವೇ ಮಾರನೆಯ ಬೆಳಿಗ್ಗೆ, ನಮ್ಮಲ್ಲಿ ಯಾರಿಗೆ ಬಿಡುವಿರುತ್ತಿತ್ತೋ ಅವರು ಇಬ್ಬರ ಲೆಕ್ಕವನ್ನೂ ಬರೆದು ಸಹಿ ಹಾಕುತ್ತಿದ್ದರು. ಅದು ತಪ್ಪೆಂದು ಆ ದಿನದವರೆಗೆ ಇಬ್ಬರಿಗೂ ಹೊಳೆದಿರಲಿಲ್ಲ. ಹಾಗಾಗಿ ಆ ಗುರುವಾರ ಗಾಜು ನೋಡಿದ್ದು ನಾನೋ ಅವಳೋ ಎಂಬುದು ಸಹಿಯಿಂದ ತಿಳಿಯುವಂತಿರಲಿಲ್ಲ. ನನಗಂತೂ ನೆನಪೇ ಇರಲಿಲ್ಲ. ಅದಾಗಿ ಐದಾರು ವಾರ ಕಳೆದಿತ್ತು. ದಿನಕ್ಕೆ ನೂರಾರು ಗಾಜು ನೋಡುವವಳಿಗೆ ಒಂದು ಗುರುವಾರ ಇನ್ನೊಂದರಂತೆಯೇ ಇರುತ್ತದೆ. ನೆನಪು ಮಾಡಿಕೊಡಬಲ್ಲವಳು ಒಬ್ಬಳೇ, ಅವಳನ್ನೇ ಕೇಳುವ ಹಾಗಿರಲಿಲ್ಲ.

ನನ್ನ ಗಂಡ ಬೋರ್‌ವೆಲ್ ಮೋಟಾರು ರಿಪೇರಿ ಮಾಡುವವರು. ಪತ್ರವನ್ನು ಎರಡು ಸಲ ಓದಿ, ಮಡಿಸಿ ಕೊಟ್ಟರು. "ಇದ್ರಲ್ಲಿ ಏನೈತೆ ಮಹಾ, ಒಸಿ ದಿನ ಸುಮ್ಕಿದ್ಬುಡು" ಎಂದರು.

ಸುಮ್ಮನಿರುವುದು ಹೇಗೆಂದೇ ನನಗೆ ತಿಳಿಯುತ್ತಿರಲಿಲ್ಲ. ಗೆಳತಿಯ ಮನೆ ನಮ್ಮ ಹಿಂದಿನ ಬೀದಿಯಲ್ಲೇ. ಅವಳ ಮಾವನ ಕಾಲದಿಂದ ಅವರದು ನೂಲು ತೆಗೆಯುವ ಮನೆ. ನಮ್ಮಿಬ್ಬರ ಹೆಣ್ಣುಮಕ್ಕಳು ಒಂದೇ ಕಾಲೇಜು, ಒಂದೇ ಬೆಂಚು. ಕೋಠಿಯ ವಾಟ್ಸಾಪ್ ಗುಂಪಿನಿಂದ ನನ್ನನ್ನು ತೆಗೆದುಹಾಕಿದ್ದರು, ಸರಿ. ಬೆಳಿಗ್ಗೆ ನಾವು ಹೋಗುತ್ತಿದ್ದ ಆಟೋದವನು ಸಿಬ್ಬಂದಿಯೋ ಅಲ್ಲವೋ? ಕೋಠಿಗೆ ತಿಂಗಳ ಬಾಡಿಗೆಗೆ ಓಡುತ್ತಿದ್ದುದರಿಂದ ಅವನಿಗೂ ನಾನು ನಮಸ್ಕಾರ ಹೇಳುವುದನ್ನು ಬಿಟ್ಟೆ. ಎರಡು ದಿನ ನೋಡಿದ ಅವನು ಮೂರನೆಯ ದಿನ ಮುಖ ತಿರುಗಿಸಿಕೊಂಡು ಹೋದ.

ಒಂದು ಸಂಜೆ ಮಗಳು ಕಾಲೇಜಿನಿಂದ ಬಂದವಳು, ತನ್ನ ಬೆಂಚಿನ ಹುಡುಗಿಯ ಅಮ್ಮ, ಅಂದರೆ ನನ್ನ ಗೆಳತಿ, ನನ್ನ ಕತ್ತುನೋವು ಹೇಗಿದೆ ಎಂದು ಕೇಳಿದರೆಂದಳು. ಹತ್ತೊಂಬತ್ತು ವರ್ಷ ಮೈಕ್ರೋಸ್ಕೋಪಿಗೆ ಬಗ್ಗಿ ಬಗ್ಗಿ ಬಂದ ನೋವು ಅದು, ಅವಳಿಗೂ ಇದೆ. ಕಡಿಮೆಯಾಗಿದೆ ಅನ್ನು ಎಂದು ಹೇಳಹೊರಟವಳು ತಡೆದುಕೊಂಡೆ. ಪರೋಕ್ಷ ಎಂದರೆ ಇದೇ ಅಲ್ಲವೇ? ಏನೂ ಹೇಳಬೇಡ ಎಂದೆ. ಮಗಳು ನನ್ನನ್ನು ವಿಚಿತ್ರವಾಗಿ ನೋಡಿದಳು.

"ಏನೂ ಹೇಳ್ದಿದ್ರೆ ಕೋಪ ಬಂದೈತೆ ಅನ್ಕಳಲ್ವಾ ಅವ್ರು?" ಎಂದಳು.

ಕೋಪ ಬಂದಿದೆಯೋ ಇಲ್ಲವೋ ಎಂಬುದೇ ನನಗೆ ಸ್ಪಷ್ಟವಿರಲಿಲ್ಲ.

ಎರಡನೆಯ ವಾರ, ಬೀರುವಿನಲ್ಲಿ ಬೇರೇನೋ ಹುಡುಕುವಾಗ ಅಮ್ಮನ ಕಣ್ಣಿನ ಡಾಕ್ಟರ ಚೀಟಿ ಸಿಕ್ಕಿತು. ಚನ್ನಪಟ್ಟಣದ್ದು. ಮೇಲೆ ಬರೆದಿದ್ದ ತಾರೀಕು ಅದೇ ಗುರುವಾರದ್ದು, ಸಮಯ ನಾಲ್ಕೂವರೆ. ಹಾಗಾದರೆ ಮೂರು ಗಂಟೆಗೇ ನಾನು ಕೋಠಿ ಬಿಟ್ಟು ಬಸ್ಸು ಹಿಡಿದಿರಬೇಕು. ಕೊನೆಯ ತಟ್ಟೆಗಳು ನಮ್ಮ ಟೇಬಲ್ಲಿಗೆ ಬರುವುದೇ ಮೂರರ ಹೊತ್ತಿಗೆ. ಅವನ್ನು ನಾನು ನೋಡಿಲ್ಲ! ಒಂದು ಗಳಿಗೆ ಮೈ ಹಗುರವಾಯಿತು. ಆಮೇಲೆ ಅಲ್ಲೇ ಮಂಚದ ಮೇಲೆ ಕೂತುಬಿಟ್ಟೆ. ನಾನು ನೋಡಿಲ್ಲವೆಂದರೆ ಅವಳು ನೋಡಿದ್ದಾಳೆ. ಈ ಚೀಟಿ ನನ್ನನ್ನು ಬಿಡಿಸಿದ ಕೂಡಲೇ ಅವಳನ್ನು ಹಿಡಿದುಕೊಡುತ್ತದೆ. ಗಂಡನಿಗೆ ತೋರಿಸಿದೆ. ಮೊದಲು ಅದನ್ನು ತೆಗೆದುಕೊಂಡು ಹೋಗಿ ಕೊಡು ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಮಾರನೆಯ ಸಂಜೆ ಮೆಡಿಕಲ್ ಶಾಪಿನಲ್ಲಿ ಅವಳು ಸಿಕ್ಕಳು. ಸಿಕ್ಕಳು ಎನ್ನುವುದಕ್ಕಿಂತ ನನ್ನ ಮುಂದೆ ನಿಂತಿದ್ದಳು. ಹಿಂತಿರುಗಿ ನೋಡಿದಳು, ನಾನೂ ನೋಡಿದೆ. ಅವಳು ಅಂಗಡಿಯವನಿಗೆ ಕೆಮ್ಮಿನ ಔಷಧಿ ಕೇಳಿ, ಎಂದಿಗಿಂತ ಸ್ವಲ್ಪ ಜೋರಾಗಿಯೇ ಹೇಳಿದಳು: "ಗುರುವಾರ ನಾಲ್ಕು ಗಂಟೆಗೇ ಬಂದಿದ್ದೆ, ನೀವು ಬಾಗಿಲು ಹಾಕಿದ್ರಿ."

ದುಡ್ಡು ಕೊಟ್ಟು, ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ನಾಲ್ಕು ದಿನ ನಾನು ಅದೊಂದು ಮಾತನ್ನೇ ಹಿಡಿದುಕೊಂಡು ಒದ್ದಾಡಿದೆ. ಯಾವ ಗುರುವಾರ? ನನಗೆ ಕೇಳಿಸಲೆಂದೇ ಹೇಳಿದಳೇ? ಆ ಗುರುವಾರವೇ ಆಗಿದ್ದರೆ, ನಾಲ್ಕು ಗಂಟೆಗೆ ಅವಳೂ ಕೋಠಿಯಲ್ಲಿರಲಿಲ್ಲ. ನಾನೂ ಇರಲಿಲ್ಲ. ಹಾಗಾದರೆ ನೋಡಿದ್ದು ಯಾರು? ಅಥವಾ, ನಾನು ನೋಡಿಲ್ಲ, ನೀನೇ ನೋಡಿದ್ದು ಎಂದು ಮೊದಲೇ ಜಾರಿಕೊಳ್ಳುತ್ತಿದ್ದಾಳೆಯೇ? ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಒಂದು ಫೋನು ಮಾಡಿದರೆ ಮುಗಿಯುವ ವಿಷಯ. ಹೆಸರಿನವರೆಗೆ ಬೆರಳು ಹೋಗಿ ಹೋಗಿ ವಾಪಸು ಬಂತು.

ವಿಚಾರಣೆಗೆ ಕರೆದದ್ದು ಮೂರನೆಯ ವಾರ. ರೇಷ್ಮೆ ಇಲಾಖೆಯಿಂದ ನಿವೃತ್ತರಾದ ವಯಸ್ಸಾದ ಅಧಿಕಾರಿಯೊಬ್ಬರನ್ನು ಮಾಲೀಕರು ನೇಮಿಸಿದ್ದರು. ಚೀಟಿ ನನ್ನ ಬ್ಯಾಗಿನಲ್ಲಿತ್ತು. ಅವರು ರಿಜಿಸ್ಟರು ಮುಂದಿಟ್ಟು, ಇದನ್ನು ನೋಡಿದ್ದು ಯಾರು ಎಂದು ಕೇಳಿದರು. ಬ್ಯಾಗಿನ ಜಿಪ್ಪು ಎಳೆಯಲು ಕೈ ಹೋಯಿತು.

"ನಾನೇ ನೋಡಿದ್ದು ಸರ್" ಎಂದೆ.

ಯಾಕೆ ಹಾಗೆಂದೆ ಎಂದು ಇವತ್ತು ಕೇಳಿದರೂ ನನ್ನಿಂದ ಹೇಳಲಾಗದು. ಅವಳನ್ನು ಉಳಿಸಬೇಕೆಂದು ನಾನೇನೂ ಮನೆಯಿಂದ ನಿಶ್ಚಯಿಸಿಕೊಂಡು ಹೋಗಿರಲಿಲ್ಲ. ಸಹಿಯನ್ನು ಹಾಗೆ ಎದುರಿಗೆ ಕಂಡಾಗ ನಾನೇ ನೋಡಿರಬೇಕೆಂದು ಅನ್ನಿಸಿಬಿಟ್ಟಿತೋ ಏನೋ. ಅಧಿಕಾರಿ ಬರೆಯುವುದನ್ನು ನಿಲ್ಲಿಸಿದರು. ಫೈಲಿನಿಂದ ಇನ್ನೊಂದು ಹಾಳೆ ತೆಗೆದು ಓದಿದರು. ಅದು ಅವಳ ಹೇಳಿಕೆ. ಆ ದಿನ ಮಧ್ಯಾಹ್ನದ ಮೇಲಿನ ತಟ್ಟೆಗಳನ್ನೆಲ್ಲ ತಾನೇ ನೋಡಿದ್ದು, ಸಹಿ ಮಾತ್ರ ನಾನು ಹಾಕಿದ್ದು ಎಂದು ಬರೆದುಕೊಟ್ಟಿದ್ದಳು.

"ಇಬ್ಬರೂ ಮಾತಾಡಿಕೊಂಡಿರೇನಮ್ಮ?" ಎಂದು ಕೇಳಿದರು.

"ಇಲ್ಲ ಸರ್, ಒಂದು ಮಾತೂ ಇಲ್ಲ."

"ಅದು ಗೊತ್ತಾಗ್ತಿದೆ. ಮಾತಾಡಿಕೊಂಡಿದ್ದರೆ ಒಂದೇ ಥರ ಹೇಳ್ತಿದ್ರಿ" ಎಂದು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಹೋಗಿ ಬನ್ನಿ ಎಂದರು.

ಇನ್ನೂ ಎರಡು ವಾರ ಬಿಟ್ಟು ಪತ್ರ ಬಂತು. ಅದೇ ತಟ್ಟೆಗಳ ಮೊಟ್ಟೆಗಳನ್ನು ಮರಳವಾಡಿಯ ಕಡೆ ಸಾಕಿದ ಇಬ್ಬರು ರೈತರಿಗೆ ಬೆಳೆ ಚೆನ್ನಾಗಿಯೇ ಬಂದಿತ್ತಂತೆ. ರೋಗ ಆ ಕೂಟಗಲ್ ರೈತರ ಹುಳುಮನೆಯಲ್ಲೇ ತಗುಲಿದ್ದಿರಲೂಬಹುದು, ಮೊಟ್ಟೆಯಿಂದಲೇ ಎಂದು ಸಾಬೀತಾಗಿಲ್ಲ. ನನ್ನ ಅಮಾನತು ರದ್ದು. ಇಬ್ಬರಿಗೂ ಎಚ್ಚರಿಕೆ. ಇನ್ನು ಮುಂದೆ ಇಬ್ಬರಿಗೂ ಬೇರೆ ಬೇರೆ ರಿಜಿಸ್ಟರು.

ಸೋಮವಾರ ಕೆಲಸಕ್ಕೆ ಹೋದೆ. ಬೆಳಗಿನಿಂದ ನಾವು ಆಡಿದ್ದು ಮೂರು ನಾಲ್ಕು ಮಾತು, ಅದೂ ಗಾಜಿನ ಬಗ್ಗೆ, ದ್ರಾವಣದ ಬಗ್ಗೆ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ನಾನೇ ಮೊದಲು ಮೆಡಿಕಲ್ ಶಾಪಿನ ಮಾತು ಎತ್ತಿದೆ. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅದು ಅಂಗಡಿಯಲ್ಲಿ ಸಿಕ್ಕಿದ್ದಕ್ಕೆ ಹಿಂದಿನ ವಾರದ ಗುರುವಾರವಂತೆ, ಕೆಮ್ಮು ಜಾಸ್ತಿಯಾಗಿ ಅರ್ಧ ದಿನ ರಜೆ ಹಾಕಿದ್ದಳಂತೆ. ನನ್ನನ್ನು ಕಂಡು ಗಾಬರಿಯಾಗಿ ಏನೋ ಒಂದು ಮಾತಾಡಿದೆ ಎಂದಳು.

ಆಮೇಲೆ ಕೇಳಬೇಕಾದದ್ದನ್ನು ಕೇಳಿದೆ. "ನಿಜವಾಗ್ಲೂ ಅವತ್ತು ನೋಡಿದ್ದು ನೀನೇನೇ?"

ಅವಳು ತುತ್ತು ಕೆಳಗಿಟ್ಟಳು. "ಗೊತ್ತಿಲ್ಲ ಕಣೆ. ಹೋಗೋಕೆ ಮುಂಚೆ ನೀನೇ ನೋಡಿ ಮುಗಿಸ್ಬುಟ್ಟಿದ್ದೆ ಅಂತ್ಲೇ ನನ್ ತಲೇಲಿ ಐತೆ."

"ಮತ್ತೆ ಯಾಕೆ ಹಾಗೆ ಬರ್ಕೊಟ್ಟೆ?"

"ನೀನು ಅವತ್ತು ಅಮ್ಮನ್ನ ಕರ್ಕೊಂಡು ಹೋಗಿದ್ದು ನೆನಪಾಯ್ತು. ನೀನು ಇರ್ಲಿಲ್ಲ ಅಂದ್ಮೇಲೆ ನೋಡಿದ್ದು ನಾನೇ ಇರ್ಬೇಕಲ್ಲ."

ನಾನು ಅವಳು ನೋಡುತ್ತಾಳೆಂದು ಬಸ್ಸಿಗೆ ಹೋಗಿದ್ದೆ. ಅವಳು ನಾನು ನೋಡಿಟ್ಟು ಹೋಗಿದ್ದೇನೆಂದು ತಿಳಿದಿದ್ದಳು. ಹಾಗಿದ್ದರೆ ಆ ತಟ್ಟೆಗಳನ್ನು ಯಾರೂ ನೋಡಿಯೇ ಇಲ್ಲವೇನೋ ಎಂಬ ಯೋಚನೆ ಇಬ್ಬರಿಗೂ ಒಟ್ಟಿಗೇ ಬಂದಿರಬೇಕು, ಏಕೆಂದರೆ ಇಬ್ಬರೂ ಬಾಗಿಲ ಕಡೆ ನೋಡಿದೆವು. ಬಾಗಿಲಲ್ಲಿ ಯಾರೂ ಇರಲಿಲ್ಲ. ಇದನ್ನು ಮ್ಯಾನೇಜರಿಗೆ ಹೇಳಬೇಕೇ ಎಂದು ಕೇಳಿದೆ. ಅವಳು ಡಬ್ಬಿ ಮುಚ್ಚುತ್ತಾ, ಏನಂತ ಹೇಳ್ತೀಯ, ಗೊತ್ತಿಲ್ಲ ಅಂತಾನಾ ಎಂದಳು.

ನಾವು ಹೇಳಲಿಲ್ಲ. ಆ ದಿನದಿಂದ ನಾನು ಪ್ರತಿ ಗಾಜನ್ನೂ ಎರಡು ಸಲ ನೋಡುತ್ತೇನೆ, ಕೆಲಸ ಹಿಂದೆ ಬಿದ್ದು ಮ್ಯಾನೇಜರಿಂದ ಅನ್ನಿಸಿಕೊಳ್ಳುತ್ತೇನೆ. ಅವಳ ಮೇಲೆ ನನಗೆ ಮೊದಲಿಗಿಂತ ಪ್ರೀತಿ ಹೆಚ್ಚಾಗಿದೆ. ಆದರೂ ಅವಳು ಸ್ವಲ್ಪ ಹೊತ್ತು ಎದ್ದು ಹೊರಗೆ ಹೋದರೆ, ಅವಳು ಮುಗಿಸಿಟ್ಟ ಗಾಜುಗಳ ಕಡೆ ನನ್ನ ಕಣ್ಣು ಹೋಗುತ್ತದೆ. ನಾನು ಎದ್ದು ಹೋದಾಗ ಅವಳೂ ನನ್ನವನ್ನು ನೋಡುತ್ತಾಳೆಯೇ ಎಂದು ಇನ್ನೂ ಕೇಳಿಲ್ಲ.