ಬಿಚ್ಚಿ ನೋಡದ ಕೈ

ಮಗಳ ಬಲ ಮುಂಗೈಯ ಮೇಲೆ ಹುಣಸೆಬೀಜದಷ್ಟು ಅಗಲದ ಕಲೆಯೊಂದಿದೆ. ನೋಡಿದವರು ಸುಟ್ಟ ಗಾಯವೇ ಎಂದು ಕೇಳುತ್ತಾರೆ. ಆಸ್ಪತ್ರೆಯಲ್ಲಿ ಆದದ್ದು ಎಂದರೆ ನಂಬುವುದಿಲ್ಲ. ಬೆರಳು ಮಡಚುತ್ತವೆ, ಪೆನ್ಸಿಲ್ ಹಿಡಿಯುತ್ತಾಳೆ. ಅಷ್ಟನ್ನು ದೇವರು ಉಳಿಸಿಕೊಟ್ಟ.

ಅವಳು ತೀರಾ ಚಿಕ್ಕವಳಿದ್ದಾಗ ಕಫ ಕಟ್ಟಿ ಉಸಿರಾಡಲು ಒದ್ದಾಡಿದಳು. ಕಾಪುವಿನಿಂದ ರಿಕ್ಷಾ ಮಾಡಿಕೊಂಡು ಪೇಟೆಯ ಆಸ್ಪತ್ರೆಗೆ ಓಡಿದೆವು. ಮಕ್ಕಳ ವಾರ್ಡಿನಲ್ಲಿ ಡ್ರಿಪ್ ಹಾಕಿದರು. ಮಗು ಸೂಜಿ ಕೀಳಬಾರದೆಂದು ಕೈಯಡಿಗೆ ರಟ್ಟಿನ ತುಂಡಿಟ್ಟು ಬೆರಳ ತುದಿಯವರೆಗೆ ಬ್ಯಾಂಡೇಜ್ ಸುತ್ತಿದರು. ಅವಳು ಅಳುತ್ತಲೇ ಇದ್ದಳು. ನರ್ಸ್ ಬಾಗಿಲ ಬಳಿಯಿಂದಲೇ ಕೇಳುತ್ತಿದ್ದರು: "ಹೇಗುಂಟು ಅಮ್ಮಾ?"

"ಪರವಾಗಿಲ್ಲ ಸಿಸ್ಟರ್."

ನಾನೊಬ್ಬಳೇ ಅಲ್ಲ, ವಾರ್ಡಿನ ತಾಯಂದಿರೆಲ್ಲರ ಉತ್ತರವೂ ಅದೇ. ಕೊನೆಗೆ ಬ್ಯಾಂಡೇಜ್ ಬಿಚ್ಚಿದಾಗ ಕೈ ಊದಿ ಹೊಳೆಯುತ್ತಿತ್ತು. ಔಷಧಿ ನರದ ಹೊರಗೆ ಹರಿದು ಚರ್ಮದಲ್ಲಿ ಗುಳ್ಳೆ ಎದ್ದಿತ್ತು.

"ನೀವೇ ಪರವಾಗಿಲ್ಲ ಅಂದಿರಲ್ಲ?" ಎಂದರು ಡಾಕ್ಟರು.

ಕೆಲವು ತಿಂಗಳ ಬಳಿಕ ಅದೇ ಆಸ್ಪತ್ರೆಯವರು ಸಭೆಗೆ ಕರೆದರು. ಮಕ್ಕಳ ಆರೈಕೆ ಸುಧಾರಿಸಬೇಕಂತೆ, ತಾಯಂದಿರ ಅನುಭವ ಬೇಕಂತೆ. "ಹೋಗಿ ಎಂತ ಮಾಡ್ತಿ? ಅವರ ಚಾ ಕುಡಿದು ಬರುವುದಾ?" ಎಂದು ಅತ್ತೆ ಚುಚ್ಚಿದರು. ಆದರೂ ಹೋದೆ.

"ಸರ್, ನಮ್ಮ ಕಡೆ ಪರವಾಗಿಲ್ಲ ಅಂದ್ರೆ ಗುಣ ಉಂಟು ಅಂತ ಅಲ್ಲ. ನಿಮಗೆ ತೊಂದ್ರೆ ಕೊಡುವುದಿಲ್ಲ ಅಂತ. ನಮ್ಮ ಬಾಯಿಯನ್ನು ಕೇಳ್ಬೇಡಿ, ಮಗುವಿನ ಕೈಯನ್ನು ನೋಡಿ," ಎಂದೆ.

ಮೊದಲು ನಕ್ಕರು. ಆಮೇಲೆ ಒಪ್ಪಿದರು. ಸೂಜಿ ಚುಚ್ಚಿದ ಜಾಗ ಕಾಣುವ ಹಾಗೆ ಬಿಡುವುದು, ನರ್ಸ್ ಬಂದಾಗಲೆಲ್ಲ ತಾಯಿಯ ಜೊತೆ ನಿಂತು ಅದನ್ನು ನೋಡುವುದು ಎಂದಾಯಿತು. ಹಿರಿಯ ನರ್ಸ್ ಒಬ್ಬರು ಅದನ್ನು ವಹಿಸಿಕೊಂಡರು. ಚಪ್ಪಾಳೆ ಹೊಡೆದು ನನಗೊಂದು ಚೆಂಡು ಶಂಕರಪುರ ಮಲ್ಲಿಗೆ ಕೊಟ್ಟರು. ಮುಡಿಯಲು ಮನಸ್ಸಾಗದೆ ಮಾರಿಗುಡಿಯಲ್ಲಿ ಮಾರಿಯಮ್ಮನಿಗೆ ಒಪ್ಪಿಸಿದೆ.

ಕಳೆದ ಮಳೆಗಾಲದಲ್ಲಿ ಮಗಳಿಗೆ ಮತ್ತೆ ಉಸಿರು ಕಟ್ಟಿತು. ಅದೇ ವಾರ್ಡು. ಗೋಡೆಯಲ್ಲಿ ನಗುವ ತಾಯಿಯ ಚಿತ್ರವಿರುವ ಹೊಸ ಬೋರ್ಡು: 'ತಾಯಿಯ ಮಾತೇ ಮೊದಲು.' ಅದರ ಕೆಳಗೆ ನನ್ನ ಮಗಳು, ಬೆರಳ ತುದಿಯವರೆಗೆ ಬ್ಯಾಂಡೇಜ್ ಸುತ್ತಿಸಿಕೊಂಡು. ಹಿರಿಯ ನರ್ಸ್ ಬೇರೆ ಕೆಲಸ ಸಿಕ್ಕಿ ಹೋಗಿದ್ದರಂತೆ. ಅವರ ಜೊತೆ ಕೈ ನೋಡುವ ಕ್ರಮವೂ ಹೋಗಿತ್ತು.

"ಹೇಗುಂಟು ಅಮ್ಮಾ?" ಬಾಗಿಲಲ್ಲಿ ಎಳೆಯ ನರ್ಸ್.

"ಬಿಚ್ಚಿ ನೋಡಿ."

"ಈಗಷ್ಟೇ ಸುತ್ತಿದ್ದು ಅಕ್ಕಾ. ಪುನಃ ಸುತ್ತಲಿಕ್ಕೆ ನಾನೇ ಅಲ್ವಾ?"

"ನಾನು ಕೈ ಹಿಡಿದುಕೊಳ್ತೇನೆ. ಬಿಚ್ಚಿ."

ಬಿಚ್ಚಿದಳು. ಸೂಜಿಯ ಸುತ್ತ ಊತ ಶುರುವಾಗಿತ್ತು. ತಕ್ಷಣ ಸೂಜಿ ತೆಗೆದಳು, ಹಾನಿಯಾಗಲಿಲ್ಲ. ನಾನು ಬೋರ್ಡಿನತ್ತ ಕೈ ತೋರಿಸಿ, "ಇದು ಎಂತಕ್ಕೆ ಹಾಗಾದ್ರೆ?" ಎಂದೆ.

"ಆ ಮೀಟಿಂಗಿಗೆ ನಮ್ಮನ್ನು ಯಾರು ಕರೆದಿದ್ದಾರೆ ಅಕ್ಕಾ? ಬೋರ್ಡ್ ಬಂತು, ಜನ ಬರ್ಲಿಲ್ಲ. ಇಡೀ ವಾರ್ಡಿಗೆ ನಾನೊಬ್ಬಳೇ." ಅವಳ ಕಣ್ಣು ತುಂಬಿತ್ತು. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಬೈಸಿಕೊಳ್ಳಬೇಕಾದವರು ಚಪ್ಪಾಳೆ ಹೊಡೆದು ಹೋಗಿಯಾಗಿತ್ತು.

ಪಕ್ಕದ ಮಂಚದಲ್ಲಿ ಕಾರ್ಕಳ ಕಡೆಯ ತಾಯಿಯೊಬ್ಬಳ ಕೂಸು ಎಡೆಬಿಡದೆ ಅಳುತ್ತಿತ್ತು. ಅದರ ಕೈಯೂ ಮುಚ್ಚಿತ್ತು.

"ನಿಮ್ಮದೂ ತೋರಿಸಿ," ಎಂದೆ.

"ಬೇಡ ಮಾರಾಯ್ರೆ. ಸಿಸ್ಟರಿಗೆ ಸಿಟ್ಟು ಬಂದ್ರೆ? ನಾವು ಇನ್ನೂ ಇಲ್ಲೇ ಇರ್ಬೇಕಲ್ಲ," ಎಂದು ಪಿಸುಗುಟ್ಟಿದಳು.

ನಾನೇ ನರ್ಸನ್ನು ಕರೆದೆ. ಅವಳು ಬಂದು ಬಿಚ್ಚಿದಳು. ಕೂಸಿನ ಅಳು ಇನ್ನೂ ಏರಿತು. ಕೈ ಸರಿಯಾಗಿಯೇ ಇತ್ತು.

"ಸುಮ್ಮನೆ ಮಗುವನ್ನು ಅಳಿಸಿದಿರಿ," ಎಂದು ಆ ತಾಯಿ ಮುಖ ತಿರುಗಿಸಿ ಕುಳಿತಳು. ಅಳಲಿ ಎಂದುಕೊಂಡೆ. ಸರಿಯಾಗಿದೆ ಎಂದು ಕಣ್ಣಾರೆ ಕಂಡಾಯಿತಲ್ಲ.